ಕೆಂಪು ಪಟ್ಟಿಗೆ ಬೇಕಾದ ಜಾಗ

ಮೊನ್ನೆ ಪುತ್ತೂರಿನಲ್ಲಿ ರಕ್ತಪರೀಕ್ಷೆಗೆಂದು ತೋಳು ಚಾಚಿದಾಗ ಸ್ಪಿರಿಟ್ಟಿನ ವಾಸನೆ ಮೂಗಿಗೆ ಬಡಿಯಿತು. ನಿಮಗಾದರೆ ಸೂಜಿಯ ಭಯ ಬಂದೀತು. ನನಗೆ ನೆನಪಾದದ್ದು ಕುಂಬ್ರದ ಒಂದು ಸಣ್ಣ ಕ್ಲಿನಿಕ್ಕು, ಅಲ್ಲಿನ ನರ್ಸ್ ವಾರಿಜಕ್ಕ.

ಆ ಕ್ಲಿನಿಕ್ಕಿಗೆ ರೋಗಿಗಳ ವಿವರ ಇಡುವ ಪ್ರೋಗ್ರಾಂ ಬರೆದುಕೊಟ್ಟವಳು ನಾನು. ಒಂದು ವಿಂಡೋ, ಅದರಲ್ಲಿ ಮೂರು ಪುಟ. ಬಟನ್ನು, ಬಾಕ್ಸುಗಳೆಲ್ಲ ಸಿದ್ಧವಾಗಿ ಸಿಗುವಂಥವು. ಜೋಡಿಸಿದ್ದಷ್ಟೇ ನನ್ನ ಪ್ರತಿಭೆ. ಆದರೂ ಹೊಗಳಿಕೆಗೆ ಕಾದಿದ್ದೆ. ವಾರಿಜಕ್ಕ ಇಣುಕಿ ನೋಡಿ ಕೇಳಿದರು:

“ಆಗದ ಮದ್ದು ಬರಿಲಿಕ್ಕೆ ಜಾಗ ಎಲ್ಲಿ ಉಂಟು?”

“ಮೂರನೇ ಪುಟದಲ್ಲಿ ‘ಇತರೆ’ ಅಂತ ಉಂಟಲ್ಲ.”

“ಸೂಜಿ ಕೈಯಲ್ಲಿ ಹಿಡ್ಕೊಂಡು ಮೂರನೇ ಪುಟ ಯಾರು ತೆಗೆಯುದು ಮಾರಾಯ್ರೆ?”

ತಮ್ಮ ಹಳೆಯ ಕಾರ್ಡುಗಳನ್ನು ತೋರಿಸಿದರು. ಮದ್ದು ಆಗದವರ, ಅಂದರೆ ಅಲರ್ಜಿ ಇರುವವರ, ಕಾರ್ಡಿನ ಮೇಲ್ತುದಿಯಲ್ಲಿ ದಪ್ಪ ಕೆಂಪು ಗೆರೆ.

ಯಾವ ಪುಟ ತೆರೆದರೂ ಕಾಣುವಂಥ ಕೆಂಪು ಪಟ್ಟಿ, ನಮ್ಮ ಭಾಷೆಯಲ್ಲಿ ಪ್ಯಾನೆಲ್, ಸಿದ್ಧ ಸರಕಿನಲ್ಲಿರಲಿಲ್ಲ. ನಾನೇ ಬರೆದೆ, ಬಣ್ಣ ಕೊಟ್ಟೆ, ವಿಂಡೋಗೆ ಸೇರಿಸಿದೆ. ಏನೂ ಕಾಣಲಿಲ್ಲ! ತಪ್ಪಾಗಿದೆ ಎಂಬ ಸೂಚನೆಯೂ ಇಲ್ಲ. ಸಿಟ್ಟಿಗಿಂತ ಕುತೂಹಲವೇ ಹೆಚ್ಚಾಗಿ ಎರಡು ದಿನ ಹುಡುಕಿದೆ. ‘ನಿನಗೆಷ್ಟು ಜಾಗ ಬೇಕು?’ ಎಂದು ವಿಂಡೋ ಪ್ರತಿಯೊಂದು ಪ್ಯಾನೆಲನ್ನೂ ಕೇಳುತ್ತದಂತೆ. ನನ್ನದಕ್ಕೆ ಉತ್ತರ ಕಲಿಸಲು ಮರೆತಿದ್ದೆ. ಪಾಪ, ಅದು ಎತ್ತರ ಸೊನ್ನೆಯಾಗಿ ಅಲ್ಲೇ ಇತ್ತು. ಎತ್ತರ ಬರೆದೆ, ಕೆಂಪು ಮೂಡಿತು. ವಾರಿಜಕ್ಕ ಕಾರ್ಡು ನೋಡಿ ನೋಡಿ ಎಲ್ಲವನ್ನೂ ತುಂಬಿಸಿದರು.

ಮುಂದಿನ ವಾರ, ಸಂಪಾಜೆಯಿಂದ ಮಗಳ ಮನೆಗೆ ಬಂದಿದ್ದ ಹಿರಿಯರೊಬ್ಬರು ಕತ್ತಿ ತಾಗಿದ ಕೈ ಹಿಡಿದುಕೊಂಡು ಬಂದರು.

“ಯಾವುದಾದ್ರೂ ಮದ್ದು ಆಗುದಿಲ್ವಾ?” ಡಾಕ್ಟರು ಕೇಳಿದರು.

“ಹಾಗೆಂತದೂ ಇಲ್ಲ ಡಾಕ್ಟ್ರೆ.”

ಡಾಕ್ಟರು ಪೆನಿಸಿಲಿನ್ ಹೇಳಿದರು, ವಾರಿಜಕ್ಕ ಸಿರಿಂಜು ತುಂಬಿಸಿದರು. ಪ್ರೋಗ್ರಾಂ ಹೇಗೆ ನಡೆಯುತ್ತದೆಂದು ನೋಡಲು ಬಂದು ಕೀಲಿಮಣೆಯ ಮುಂದಿದ್ದ ನಾನು ಹಿರಿಯರ ಹೆಸರು ಒತ್ತಿದೆ. ವಿಂಡೋದ ಮೇಲ್ತುದಿಯಲ್ಲಿ ಕೆಂಪು: ‘ಪೆನಿಸಿಲಿನ್ ಆಗದು.’

“ವಾರಿಜಕ್ಕ, ನಿಲ್ಲಿ!”

ಅವರ ಕೈ ಅಲ್ಲೇ ನಿಂತಿತು. ಹಿರಿಯರು ಹಣೆ ತಟ್ಟಿಕೊಂಡರು. “ಹಿಂದೆ ಒಮ್ಮೆ ಇಲ್ಲಿಗೇ ಬಂದಾಗ ಮುಖ ಎಲ್ಲ ಬಾತು ಉಸಿರು ಕಟ್ಟಿದ್ದು ಉಂಟು. ಅದು ಇದೇ ಮದ್ದಾ?”

ಡಾಕ್ಟರು ಬೇರೆ ಮದ್ದು ಬರೆದರು. ಆ ಹಿರಿಯರು ಒಂದು ವಾರ ಮೊದಲೇ ಬಂದಿದ್ದರೆ? ವಾರಿಜಕ್ಕ ಮೊದಲು ನೀರು ಕೊಟ್ಟದ್ದು ರೋಗಿಗಲ್ಲ, ನನಗೆ.

ಮೊನ್ನೆ ರಕ್ತ ಕೊಟ್ಟು ಮನೆಗೆ ಬಂದು, ಕೆದಂಬಾಡಿಯ ಹಾಲಿನ ಸೊಸೈಟಿಗೆ ಬರೆದು ಮುಗಿಸಿದ್ದ ಪ್ರೋಗ್ರಾಂ ತೆರೆದೆ. ಮುಗಿದಿದೆ ಎಂದವರು ಯಾರು? ನಾನೇ, ಬಳಸುವವರಲ್ಲ. ಮರುದಿನ ಬೆಳಿಗ್ಗೆ ಹೋಗಿ, ಹಾಲು ಅಳೆಯುವ ಅಕ್ಕನ ಪಕ್ಕ ಸ್ಟೂಲು ಎಳೆದು ಕುಳಿತೆ.

“ಎಂತ ಆಗ್ಬೇಕಿತ್ತು?” ಎಂದರು.

“ಎಂತ ಇಲ್ಲ. ನೀವು ಮಾಡುದನ್ನು ಸ್ವಲ್ಪ ನೋಡುದು.”