ಅತ್ತೆಯನ್ನು ಕೂರಿಸಿಕೊಂಡು ಹೋದ ದಾರಿ

ಬಿಸಿ ಇಂಜಿನ್ನಿನ ಮೇಲೆ ಮಳೆಹನಿ ಬಿದ್ದಾಗ ಒಂದು ವಾಸನೆ ಏಳುತ್ತದಲ್ಲ, ಇವತ್ತು ಶಾಲೆಯಿಂದ ಬಂದು ಗಾಡಿ ನಿಲ್ಲಿಸುವಾಗ ಅದು ಮೂಗಿಗೆ ಬಡಿಯಿತು. ಎರಡು ವರ್ಷದ ಹಿಂದಿನ ಒಂದು ಮಧ್ಯಾಹ್ನ ಕಣ್ಣೆದುರು ಬಂದು ನಿಂತಿತು.

ಆಗ ನನಗೆ ನಲವತ್ತೆರಡು. ತೆಂಗಳಿಯಲ್ಲಿ ಮಕ್ಕಳಿಗೆ ಗಣಿತ ಕಲಿಸುವ ನನಗೆ ಸೈಕಲ್ಲಿನ ಆಚೆಗೆ ಯಾವ ವಾಹನವೂ ಗೊತ್ತಿರಲಿಲ್ಲ. ವಾಡಿಯ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುವ ನನ್ನ ಗಂಡ ಹಳೇ ಕಾಲದ ಮಾದರಿಯ ಒಂದು ಹೊಸ ಮೋಟರ್‌ಸೈಕಲ್ ತಂದರು. ದುಂಡು ದೀಪ, ದುಂಡು ಕನ್ನಡಿ, ಉದ್ದ ಸೀಟು. ಅಪ್ಪನ ಹರೆಯದ ಫೋಟೋದಿಂದ ಇಳಿದು ಬಂದಂತಿತ್ತು.

"ಕಲಿಯೋರಿಗೆ ಇದೇ ಛಲೋ. ಸೀಟು ತಗ್ಗದ, ಎರಡೂ ಕಾಲು ನೆಲಕ್ಕ ಹತ್ತತಾವ. ಕ್ಲಚ್ ಹಗುರದ. ಗಾಬರ್ಯಾಗಿ ಬ್ರೇಕ್ ಒತ್ತಿದ್ರೂ ಗಾಲಿ ಜಾರಂಗಿಲ್ಲ" ಎಂದರು.

ಶಾಲೆಯ ಮೈದಾನದಲ್ಲಿ ತಿಂಗಳುಗಟ್ಟಲೆ ಸುತ್ತಿದೆ. ಎರಡನೆಯ ಗೇರು ದಾಟಬೇಕೆಂದರೆ ಗಾಡಿ ನಿಲ್ಲಿಸಿಬಿಡುತ್ತಿದ್ದೆ. ನಮ್ಮ ಜೊತೆಗೇ ಇರುವ ಅತ್ತೆ ನೋಡಿ ನಗುತ್ತಿದ್ದರು: "ಎಮ್ಮಿ ಇದಕಿಂತ ಜಲ್ದಿ ಹೋಗ್ತದವ್ವಾ." ಹೇಗೋ ಲೈಸೆನ್ಸ್ ಬಂತು, ಧೈರ್ಯ ಬರಲಿಲ್ಲ.

ಆ ಮಧ್ಯಾಹ್ನ ಅತ್ತೆಗೆ ಉಬ್ಬಸ ಕೆರಳಿತು. ತುಟಿ ನೀಲಿಗಟ್ಟತೊಡಗಿತು. ಗಂಡ ಕೆಲಸದಲ್ಲಿದ್ದರು. ಆಂಬುಲೆನ್ಸಿಗೆ ಫೋನ್ ಮಾಡಿದರೆ, ಬರಲು ತಾಸಾದರೂ ಬೇಕು ಎಂದರು ಅಲ್ಲಿಯವರು. ಅತ್ತೆಯನ್ನು ಹಿಂದೆ ಕೂರಿಸಿ, ಇಬ್ಬರನ್ನೂ ಒಂದೇ ಸೀರೆಯಿಂದ ಸುತ್ತಿ ಕಟ್ಟಿಕೊಂಡು ಚಿತ್ತಾಪುರದ ಆಸ್ಪತ್ರೆಯ ದಾರಿ ಹಿಡಿದೆ.

ಅವರ ಎದೆಯ ಸಿಳ್ಳು ನನ್ನ ಬೆನ್ನಿಗೇ ಕೇಳುತ್ತಿತ್ತು. ಅದು ನಿಂತುಹೋದರೆ? ತಿರುಗಿ ನೋಡುವ ಹಾಗಿರಲಿಲ್ಲ. ಒಂದು ತಿರುವಿನಲ್ಲಿ ನೆಲಕ್ಕೆ ಹಾಸುವ ಪರ್ಸಿ ಕಲ್ಲು ಹೇರಿದ ಲಾರಿ ನಮ್ಮ ಬದಿಗೇ ನುಗ್ಗಿ ಬಂತು. ಇದ್ದಬದ್ದ ಶಕ್ತಿಯೆಲ್ಲ ಹಾಕಿ ಬ್ರೇಕ್ ಒತ್ತಿದೆ. ಗಾಡಿ ಗಡಗಡ ನಡುಗಿತು, ಜಾರಲಿಲ್ಲ. ಎರಡೂ ಕಾಲಿಗೆ ನೆಲ ಸಿಕ್ಕಿತು. ಲಾರಿ ಮೊಣಕೈ ಸವರುವಂತೆ ಹೋಯಿತು. ಧೂಳಿನೊಳಗೆ ಕಿವಿಗೊಟ್ಟರೆ ಸಿಳ್ಳು ಕೇಳಲಿಲ್ಲ.

"ಅತ್ತಿ! ಅತ್ತಿ, ಮಾತಾಡ್ರಿ!"

ಒಂದು ಕೈ ಹಿಂದೆ ಚಾಚಿ ಅವರ ಮೊಣಕಾಲು ಅಲುಗಿಸಿದೆ. ಭುಜದ ಹತ್ತಿರ ಉಸಿರು ಆಡಿತು: "ಯಾಕ ನಿಂತಿ? ನಡಿ."

ಆಸ್ಪತ್ರೆಯ ಬಾಗಿಲಲ್ಲಿ, ಬಿಸಿ ಇಂಜಿನ್ನಿನ ಮೇಲೆ ಮಳೆಯ ಮೊದಲ ಹನಿ ಬೀಳುತ್ತಿದ್ದಾಗ, ಸೀರೆಯ ಗಂಟನ್ನು ನರ್ಸ್ ಬಿಚ್ಚಿದರು. ಮೂರನೆಯ ದಿನ ಅತ್ತೆ ಮನೆಗೆ ಬಂದರು. ಊರವರು ನನ್ನನ್ನು ಗಟ್ಟಿಗಿತ್ತಿ ಎಂದರು, ನಾನೂ ಹೌದೆಂದು ತಲೆಯಾಡಿಸುತ್ತ ಬಂದೆ. ನಿಮಗೆ ನಿಜ ಹೇಳುತ್ತೇನೆ: ಹಿಂದಿನ ಸೀಟು ಖಾಲಿಯಿದ್ದಾಗಲೂ ಆ ತಿರುವಿನಲ್ಲಿ ನನ್ನ ಕಿವಿ ಹಿಂದಕ್ಕೇ ಹೋಗುತ್ತದೆ.

ಈಗ ಗಾಡಿ ಒರೆಸುತ್ತಿದ್ದಾಗ, ಸೇಡಂ ಕಡೆಯಿಂದ ನಮ್ಮ ಶಾಲೆಗೆ ಹೊಸದಾಗಿ ಬಂದ ಪಕ್ಕದ ಮನೆಯ ಟೀಚರ್ ಕಾಂಪೌಂಡಿನ ಆಚೆಯಿಂದ ಕೇಳಿದಳು: "ನಿಮಗ ಅಂಜಿಕಿ ಆಗಂಗಿಲ್ಲೇನ್ರಿ ಮೇಡಂ?"

ಇಲ್ಲ ಎನ್ನಲು ಬಾಯಿ ತೆರೆದವಳು ತಡೆದೆ.

"ಭಾಳ ಆಗ್ತದವ್ವಾ. ದಿನಾ ಆಗ್ತದ."

ಅವಳು ಕಾಂಪೌಂಡು ಬಳಸಿಕೊಂಡು ಈಚೆ ಬಂದಳು. "ಹಂಗಾದ್ರ ನನಗೂ ಕಲಿಸ್ರಿ."