ಕಾಂತಾಮಣಿಯ ಗ್ರೀಕ್ ಪುರಾಣ

ಕತಾರಿನ ಅಲ್ ವುಕೈರ್‌ನ ಆ ಬಿಳಿ ಕಟ್ಟಡದಲ್ಲಿ ಕಾಂತಾಮಣಿಯವರ ಬಾಯಿಗೆ ಹೆದರದವರು ಯಾರೂ ಇರಲಿಲ್ಲ. ನೀರು ನಿಂತರೆ ವಾಚ್‌ಮನ್‌ಗೆ, ಲಿಫ್ಟ್ ಕೆಟ್ಟರೆ ಮಾಲೀಕನ ಕಡೆಯವನಿಗೆ, ಸಾರಿಗೆ ಉಪ್ಪು ಹೆಚ್ಚಾಯಿತು ಎಂದರೆ ಗಂಡ ಸುಬ್ಬರಾಯರಿಗೆ, ಎಲ್ಲರಿಗೂ ಒಂದೊಂದು ಮಾತು ಸಿದ್ಧವಾಗಿರುತ್ತಿತ್ತು. ಹಿಂದಿ ಅಷ್ಟಕ್ಕಷ್ಟೆ. ಅರಬ್ಬಿಯಲ್ಲಿ ಬರುತ್ತಿದ್ದದ್ದು ‘ನಡಿ’ ಎನ್ನುವ ‘ಯಲ್ಲಾ’, ‘ಮುಗೀತು’ ಎನ್ನುವ ‘ಖಲಾಸ್’, ಎರಡೇ ಪದ. ಆ ಎರಡರಲ್ಲೇ ಮೈಸೂರಿನ ಅಗ್ರಹಾರದ ಠೀವಿಯನ್ನೆಲ್ಲ ತೋರಿಸಬಲ್ಲ ಹೆಂಗಸು. ಇಂಥವರು ಲೋಕದಲ್ಲಿ ಹೆದರುತ್ತಿದ್ದದ್ದು ಒಂದಕ್ಕೆ ಮಾತ್ರ. ಯಾರೋ ಕಷ್ಟದಲ್ಲಿರುವಾಗ ಕಥೆ ನಿಲ್ಲಿಸುವುದಕ್ಕೆ.

ಆ ಹೆದರಿಕೆ ಬಂದದ್ದು ಸೋದರಮಾವ ರಾಮಸ್ವಾಮಿಯವರಿಂದ. ಅವರು ಮಧ್ಯಾಹ್ನದ ಹೊತ್ತು ನಾಲ್ಕು ಮನೆಯವರನ್ನು ಕೂರಿಸಿಕೊಂಡು ರಾಮಾಯಣ ಓದುತ್ತಿದ್ದರು. ಲಕ್ಷ್ಮಣ ಮೂರ್ಛೆ ಬಿದ್ದನೋ, ಗಂಟಲು ಕಟ್ಟಲಿ, ಕಾಫಿಯ ಹೊತ್ತು ಮೀರಲಿ, ಹನುಮಂತ ಬೆಟ್ಟ ಹೊತ್ತು ತರುವವರೆಗೆ ಪುಸ್ತಕ ಮುಚ್ಚುತ್ತಿರಲಿಲ್ಲ. “ಕಷ್ಟದಲ್ಲಿರೋರನ್ನ ಅಲ್ಲೇ ಬಿಟ್ಟು ನಾವು ಎದ್ದುಹೋದ್ರೆ, ಆ ಕಷ್ಟ ನಮ್ಮ ಹಿಂದೇನೇ ಮನೆಗೆ ಬರುತ್ತೆ ಕಣಮ್ಮ” ಎನ್ನುತ್ತಿದ್ದರು. ಮಾವನ ಮಾತು ಕಾಂತಾಮಣಿಗೆ ವೇದವಾಯಿತು.

ಫುಟ್ಬಾಲ್ ವಿಶ್ವಕಪ್ ಬರುತ್ತದೆಂದು ಕತಾರ್ ದೇಶವನ್ನೇ ಅಗೆದು ಹಾಕಿದ್ದ ವರ್ಷಗಳವು. ಸುಬ್ಬರಾಯರು ಕ್ರೀಡಾಂಗಣಗಳಿಗೆ ಎಸಿ ಹಾಕುವ ಒಂದು ಕಂಪನಿಯ ಆಫೀಸಿನಲ್ಲಿದ್ದರು. ಬೆಳಗ್ಗೆ ಅವರು ಹೊರಟರೆ ಸಂಜೆಯವರೆಗೆ ಮನೆಯಲ್ಲಿ ಕಾಂತಾಮಣಿ ಮತ್ತು ಮಿಕ್ಸಿ. ಮಕ್ಕಳಿರಲಿಲ್ಲ. ಆ ಮಾತನ್ನು ಅವರು ಆಡುತ್ತಿರಲಿಲ್ಲ, ನಾವೂ ಆಡುವುದು ಬೇಡ.

ಎದುರು ಫ್ಲ್ಯಾಟಿನಲ್ಲಿ ಪುತ್ತೂರು ಕಡೆಯ ತುಳು ಸಂಸಾರ. ಯಜ್ಞೇಶ್ ರಸ್ತೆ ಕೆಲಸದ ಸರ್ವೇಯರ್, ಹೆಂಡತಿ ಆಶ್ರಿತಾ ಒಂದು ಕ್ಲಿನಿಕ್ಕಿನ ರಿಸೆಪ್ಷನ್ನಿನಲ್ಲಿ. ಮಗಳು ಮೋಕ್ಷಾ ಸ್ಕೂಲ್ ಬಸ್ಸಿಳಿದು ಅಮ್ಮ ಬರುವವರೆಗೆ ಕಾಂತಾಮಣಿಯ ಮನೆಯಲ್ಲಿರುತ್ತಿದ್ದಳು. ಮನೆಯಲ್ಲಿ ತುಳು, ಸ್ಕೂಲಿನಲ್ಲಿ ಇಂಗ್ಲಿಷ್. ನಡುವೆ ಕನ್ನಡ ಬಡವಾಗಿತ್ತು. ಮೊದಲ ದಿನ ಕಾಂತಾಮಣಿ ಅವಳನ್ನು ಕೂರಿಸಿಕೊಂಡು ಧ್ರುವನ ಕಥೆ ತೆಗೆದರು.

“ಆಂಟಿ, ಇದು ನಾನು ಕಾರ್ಟೂನಿನಲ್ಲಿ ನೋಡಿದ್ದೇನೆ. ಬೋರ್ ಆಗ್ತದೆ” ಎಂದಳು ಹುಡುಗಿ, ಬ್ಯಾಗಿನಿಂದ ಸ್ಕೂಲ್ ಲೈಬ್ರರಿಯ ದಪ್ಪ ಪುಸ್ತಕ ಎಳೆದಳು. “ಇದು ಹೇಳಿ. ಗ್ರೀಕ್ ಗಾಡ್ಸ್.”

ಬೇರೆ ಯಾರಾದರೂ ಆಗಿದ್ದರೆ ‘ನಮ್ಮ ದೇವರು ಬಿಟ್ಟು ಅದ್ಯಾವುದೇ?’ ಎಂದು ಗದರುತ್ತಿದ್ದರೇನೋ. ಕಾಂತಾಮಣಿ ಪುಸ್ತಕ ಇಸಿದುಕೊಂಡರು. ಮಹಾರಾಣಿ ಕಾಲೇಜಿನ ಬಿ.ಎ. ಸುಮ್ಮನೆ ಬಂದದ್ದಲ್ಲ, ಮರುದಿನ ಅಡುಗೆ ಮುಗಿಸಿ, ಕನ್ನಡಕ ಏರಿಸಿ ಓದಿದರು. ಓದುತ್ತ ಓದುತ್ತ ಅವರ ಮುಖ ಅರಳಿತು. ಇಲ್ಲಿಯೂ ಒಬ್ಬ ವಜ್ರಾಯುಧದವನಿದ್ದಾನೆ, ಜ್ಯೂಸ್ ಎಂದು. ಥೇಟ್ ನಮ್ಮ ಇಂದ್ರನ ಚಾಳಿ. ಹೀರಾ ಎಂಬ ಹೆಂಡತಿ ಅವನ ಹಿಂದೆ ಪತ್ತೇದಾರಿಕೆ ಮಾಡಿಯೇ ಸುಸ್ತಾಗಿದ್ದಾಳೆ. ಸಮುದ್ರಕ್ಕೊಬ್ಬ, ಪಾತಾಳಕ್ಕೊಬ್ಬ, ದ್ರಾಕ್ಷಾರಸಕ್ಕೂ ಒಬ್ಬ. ಎಲ್ಲರ ಮನೆ ದೋಸೆಯೂ ತೂತೇ ಎಂದುಕೊಂಡರು ಕಾಂತಾಮಣಿ, ದೇವರ ಮನೆಯದೂ ಸೇರಿ.

ಸಂಜೆ ಕಥೆ ಶುರು. ಜ್ಯೂಸನ ಅಪ್ಪ ಕ್ರೋನಸ್ ಹೆತ್ತ ಮಕ್ಕಳನ್ನೇ ನುಂಗುವಾಗ, “ಕಂಸ ತಂಗಿ ಮಕ್ಕಳನ್ನ ಕೊಂದ, ಇವನು ಅವನಿಗೂ ಅಪ್ಪ!” ಎಂದು ಹಣೆ ಚಚ್ಚಿಕೊಂಡರು. ಜ್ಯೂಸ್ ಹಂಸವಾಗಿಯೂ ಗೂಳಿಯಾಗಿಯೂ ವೇಷ ಹಾಕಿಕೊಂಡು ಹೋದದ್ದನ್ನೆಲ್ಲ “ಊರು ಸುತ್ತೋಕೆ ಹೋದ” ಎಂದು ಒಂದೇ ಮಾತಿನಲ್ಲಿ ದಾಟಿಸಿದರು. ಮನುಷ್ಯರಿಗಾಗಿ ಬೆಂಕಿ ಕದ್ದ ಪ್ರಮೀಥಿಯಸ್‌ನನ್ನು ಬಂಡೆಗೆ ಕಟ್ಟಿ ಹದ್ದು ಬಿಟ್ಟ ದಿನವಂತೂ ಆಶ್ರಿತಾ ಮಗಳನ್ನು ಕರೆದೊಯ್ಯಲು ಬಂದು ಬಾಗಿಲಲ್ಲೇ ನಿಂತಿದ್ದಳು. “ನೀನೂ ಕೂತ್ಕೊಳಮ್ಮ. ಇವನನ್ನ ಬಂಡೆ ಮೇಲೆ ಬಿಟ್ಟು ಎದ್ದೇಳೋ ಹಾಗಿಲ್ಲ” ಎಂದರು. ಹೆರಾಕ್ಲಿಸ್ ಎಂಬ ವೀರ ಬಂದು ಹದ್ದನ್ನು ಹೊಡೆದು ಸರಪಳಿ ಬಿಚ್ಚಿದ ಮೇಲೆಯೇ ಮೂವರೂ ಎದ್ದದ್ದು. ಪ್ರತಿ ಕಥೆ ಮುಗಿದಾಗಲೂ ಮೋಕ್ಷಾಳ ಅಂಗೈಗೆ ಒಂದು ತುಂಡು ಕಲ್ಲುಸಕ್ಕರೆ ಬೀಳುತ್ತಿತ್ತು.

“ಪರದೇಶದ ದೇವರಿಗೆ ನಮ್ಮ ಕಲ್ಲುಸಕ್ಕರೆ ಒಗ್ಗತ್ತೇನೆ?” ಎಂದು ಸುಬ್ಬರಾಯರು ಕೆಣಕುತ್ತಿದ್ದರು.

“ಪರದೇಶದಲ್ಲಿರೋರು ನಾವು. ಅವರು ದೇವರು, ಎಲ್ಲಿದ್ರೂ ಮನೇಲೇ ಇರ್ತಾರೆ” ಎಂದು ಒಳಗಿನಿಂದ ಉತ್ತರ ಬರುತ್ತಿತ್ತು.

ಹೀಗೆ ಗ್ರೀಕ್ ದೇವರುಗಳ ನೆಪದಲ್ಲಿ ಹುಡುಗಿಗೆ ಕನ್ನಡ ಬಂತು. ಶಾಪ, ವರ, ಅಸೂಯೆ, ಪ್ರಾಯಶ್ಚಿತ್ತ ಎಂಬ ಮಾತುಗಳನ್ನೆಲ್ಲ ಅವಳು ಲಿಫ್ಟಿನಲ್ಲಿ ಧಾರಾಳವಾಗಿ ಬಳಸುತ್ತಿದ್ದಳು. ಕಾಂತಾಮಣಿಗೂ ಆ ದೇವರುಗಳು ಹತ್ತಿರದವರಾದರು.

ಎರಡು ಸಾವಿರದ ಇಪ್ಪತ್ತರ ಮಾರ್ಚಿನಲ್ಲಿ ಆಶ್ರಿತಾಳ ತಾಯಿ ಪೂವಕ್ಕ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡರು. ಒಂದು ವಾರದಲ್ಲಿ ಬರುತ್ತೇನೆಂದು ಆಶ್ರಿತಾ ಊರಿಗೆ ಓಡಿದಳು. ಅಷ್ಟರಲ್ಲಿ ಕೊರೋನಾ ಬಂತು, ವಿಮಾನಗಳು ನಿಂತವು, ವಾರವೆಂದದ್ದು ತಿಂಗಳುಗಳಾದವು. ಯಜ್ಞೇಶನ ಸೈಟು ನಿಲ್ಲಲಿಲ್ಲ. ಮೋಕ್ಷಾ ಬೆಳಗಿನಿಂದ ಸಂಜೆಯವರೆಗೂ ಕಾಂತಾಮಣಿಯವಳಾದಳು. ಆನ್‌ಲೈನ್ ಕ್ಲಾಸು ಇಲ್ಲಿ, ಊಟ ಇಲ್ಲಿ, ಜಡೆ ಇಲ್ಲಿ. ಸಂಜೆ ಅಮ್ಮನೊಡನೆ ವಿಡಿಯೋ ಕಾಲ್. ಹುಡುಗಿ ಅಳುತ್ತಿರಲಿಲ್ಲ, ಅದೇ ಕಾಂತಾಮಣಿಗೆ ಸಂಕಟ.

ಆಗಸ್ಟಿನಲ್ಲಿ, ಮರಳಿ ಬರುವವರಿಗೆ ಪರ್ಮಿಟ್ ಕೊಡುತ್ತಾರೆಂದು ಸುದ್ದಿ ಬಂತು. ಆ ಗೆಲುವಿನಲ್ಲಿ ಮೋಕ್ಷಾ ಹೊಸ ಕಥೆ ಕೇಳಿದಳು, ಡಿಮೀಟರಳದು. ಪೈರು ಪಚ್ಚೆಯ ತಾಯಿ ಅವಳು, ಅವಳಿಗೊಬ್ಬಳೇ ಮಗಳು ಪರ್ಸೆಫೊನಿ. ಹೂ ಕೀಳುತ್ತಿದ್ದ ಮಗಳ ಕಾಲ ಕೆಳಗೆ ನೆಲ ಬಿರಿದು, ಪಾತಾಳದರಸ ಹೇಡೀಸ್ ರಥದಲ್ಲಿ ಬಂದು ಹೊತ್ತೊಯ್ದ. ತಾಯಿ ಪಂಜು ಹಿಡಿದು ಊರೂರು ಅಲೆದಳು. “ನನ್ನ ಮಗು ಕಂಡ್ರಾ?” ಎಂದು ಕಂಡಕಂಡವರನ್ನು ಕೇಳಿದಳು.

ಅಷ್ಟರಲ್ಲಿ ಯಜ್ಞೇಶ್ ಬಾಗಿಲು ತಟ್ಟಿದ. “ಪರ್ಮಿಟ್ ಆಗ್ಲಿಲ್ಲ ಕಾಂತಕ್ಕ. ಇನ್ನು ಯಾವಾಗ ಆಗ್ತದೋ ಗೊತ್ತಿಲ್ಲ.”

ಮೋಕ್ಷಾ ಎದ್ದಳು. ಪುಸ್ತಕ ಕಂಕುಳಲ್ಲಿಟ್ಟುಕೊಂಡು ಅಪ್ಪನ ಹಿಂದೆ ಹೋದಳು. ಕಾಂತಾಮಣಿ ಕುಳಿತಲ್ಲೇ ಉಳಿದರು. ಜೀವಮಾನದಲ್ಲಿ ಮೊದಲ ಸಲ ಕಥೆ ಕಷ್ಟದಲ್ಲಿ ನಿಂತಿತ್ತು, ಅದೂ ಮಗಳನ್ನು ಹುಡುಕುವ ತಾಯಿಯ ಕಥೆ. ಮಾವನ ಮಾತು ಅವರಿಗೆ ನೆನಪಾಯಿತು.

ಮುಂದಿನ ಎರಡು ದಿನ ಅಪ್ಪನಿಗೆ ವಾರದ ರಜೆ, ಮನೆಯಲ್ಲೇ ಇದ್ದ ಹುಡುಗಿ ಉಳಿದದ್ದನ್ನು ತಾನೇ ಓದಿಕೊಂಡಳು. ಮುಂದೆ ಏನಾಯಿತೆಂದು ಎರಡು ದಿನದ ನಂತರ ಯಜ್ಞೇಶ್ ಬಂದು ಹೇಳಿದ.

“ಎಂತ ಮಾಡುದು ಕಾಂತಕ್ಕ, ಅಮ್ಮನತ್ರ ‘ಅಲ್ಲಿ ಎಂತದೂ ತಿನ್ಬೇಡ’ ಅಂತ ಹಠ. ಪಾತಾಳದಲ್ಲಿ ಆ ಹುಡುಗಿ ದಾಳಿಂಬೆ ತಿಂದಳಂತಲ್ಲ, ಅದಕ್ಕೇ ಅವಳಿಗೆ ಪೂರ್ತಿ ಬಿಡುಗಡೆ ಆಗ್ಲಿಲ್ಲಂತೆ. ತಿಂದ ನೆಲ ಬಿಡುದಿಲ್ಲ ಅಂತ ಇವಳ ಲೆಕ್ಕ. ಆಶ್ರಿತಾ ಪಾಪ, ಆಯ್ತು ಅಂತ ಹೇಳಿದ್ಲು. ನಿನ್ನೆ ವಿಡಿಯೋದಲ್ಲಿ ಹಿಂದೆ ನೀರುದೋಸೆ ಪ್ಲೇಟು ಕಂಡಿದೆ. ಫೋನು ಎಸೆದಳು. ‘ಅಮ್ಮ ತಿಂದ್ರು, ಇನ್ನು ಬರುದಿಲ್ಲ’ ಅಂತ ಹೇಳಿ ಮಾತೇ ಬಿಟ್ಟಿದ್ದಾಳೆ. ಅಲ್ಲಿ ಅಮ್ಮ ಅಳುದು, ಇಲ್ಲಿ ಇವಳು ಕಲ್ಲಿನ ಹಾಗೆ.”

ಕಾಂತಾಮಣಿ ಒಲೆ ಆರಿಸಿ, ಕೈ ಒರೆಸಿಕೊಳ್ಳುತ್ತಲೇ ಎದುರುಮನೆಗೆ ನಡೆದರು. ಮೋಕ್ಷಾ ಗೋಡೆ ಕಡೆ ತಿರುಗಿ ಮಲಗಿದ್ದಳು.

“ಕಥೆ ಅರ್ಧಕ್ಕೆ ನಿಂತಿದೆ, ಎದ್ದೇಳು” ಎಂದರು.

“ನಾನು ಓದಿ ಆಯ್ತು.”

“ಓದೋದು ಬೇರೆ, ಕೇಳೋದು ಬೇರೆ. ಯಲ್ಲಾ.”

ಬಿಟ್ಟಲ್ಲಿಂದಲೇ ಹಿಡಿದರು. ತಾಯಿ ಮುನಿದು ಭೂಮಿಯಲ್ಲಿ ಒಂದು ಹುಲ್ಲುಕಡ್ಡಿ ಹುಟ್ಟದ ಹಾಗಾಯಿತು. ದೇವರುಗಳಿಗೇ ನೈವೇದ್ಯ ನಿಂತು ಹೋಯಿತು. ಜ್ಯೂಸ್ ಗಾಬರಿಯಾಗಿ ಪಾತಾಳಕ್ಕೆ ದೂತನನ್ನು ಓಡಿಸಿದ. ಹೊರಡುವ ಮುಂಚೆ ಹೇಡೀಸ್ ನಯವಾಗಿ ದಾಳಿಂಬೆ ಕಾಳು ಕೊಟ್ಟ, ಹುಡುಗಿ ತಿಂದಳು. ಇಲ್ಲಿ ಕಾಂತಾಮಣಿ ನಿಲ್ಲಿಸಿ ಕೇಳಿದರು.

“ಅವಳು ತಿಂದದ್ದು ನಾಲ್ಕು ಕಾಳು. ಅಷ್ಟಕ್ಕೇ ಆ ನೆಲ ಅವಳನ್ನ ವರ್ಷಾವರ್ಷ ವಾಪಸ್ಸು ಕರೀತು. ನಿಮ್ಮಮ್ಮ ಈ ಕತಾರಲ್ಲಿ ಎಷ್ಟು ವರ್ಷದಿಂದ ಊಟ ಮಾಡ್ತಿದಾಳೆ?”

“ನಾನು ಹುಟ್ಟುವ ಮೊದಲಿಂದ.”

“ಇಲ್ಲಿನ ಖುಬ್ಬೂಸ್ ರೊಟ್ಟಿ ತಿಂದಿದಾಳಾ?”

“ತಿಂದಿದ್ದಾರೆ.”

“ಖರ್ಜೂರ? ನಮ್ಮನೆ ಬಿಸಿಬೇಳೆ ಭಾತು? ಬೇಡಬೇಡ ಅಂತ ಎರಡು ಸಲ ಹಾಕಿಸ್ಕೊಂಡು ತಿಂದಿದಾಳೆ, ನಾನೇ ನೋಡಿದೀನಿ. ಇಷ್ಟು ವರ್ಷದ ಅನ್ನದ ಋಣ ದೊಡ್ಡದೋ, ತವರಲ್ಲಿ ನಾಲ್ಕು ದಿನ ತಿಂದ ನೀರುದೋಸೆ ದೊಡ್ಡದೋ, ನೀನೇ ಹೇಳು.”

ಮೋಕ್ಷಾ ಎದ್ದು ಕುಳಿತಳು. “ಹಾಗಾದ್ರೆ ಆಂಟಿ, ಕತಾರ್ ಪಾತಾಳವಾ?”

“ಆಗಸ್ಟ್ ತಿಂಗಳಲ್ಲಿ ಹೌದು” ಎಂದರು ಕಾಂತಾಮಣಿ. “ಆದ್ರೆ ಇಲ್ಲಿ ನೀನಿದೀಯಲ್ಲ. ಇಲ್ಲಿಗೆ ಬರದೆ ಅವಳು ಎಲ್ಲಿಗೆ ಹೋಗ್ತಾಳೆ?”

ಹುಡುಗಿ ಅಪ್ಪನ ಫೋನು ಕಸಿದುಕೊಂಡಳು. “ಅಮ್ಮಾ, ವನಸ್ ಮಲ್ಪು. ಬಂಜಿ ದಿಂಜ ಮಲ್ಪು” ಎಂದಳು. ಊಟ ಮಾಡಮ್ಮಾ, ಹೊಟ್ಟೆ ತುಂಬ ಮಾಡು. ಕಾಂತಾಮಣಿಗೆ ತುಳು ಬಾರದು, ಯಜ್ಞೇಶ್ ಅರ್ಥ ಹೇಳುವ ಸ್ಥಿತಿಯಲ್ಲಿ ಇರಲಿಲ್ಲ, ಆದರೂ ಅವರಿಗೆ ತಿಳಿಯಿತು. ಆಮೇಲೆ ಕಥೆ ಮುಂದುವರಿದು, ತಾಯಿ ಮಗಳನ್ನು ಅಪ್ಪಿಕೊಂಡು, ಭೂಮಿ ಹಸುರಾಗಿ, ಅಂಗೈಗೆ ಕಲ್ಲುಸಕ್ಕರೆ ಬಿದ್ದಿತು.

ಮಾತು ಕೊಟ್ಟಾಯಿತು, ಇನ್ನು ನಡೆಯಬೇಕಲ್ಲ. ಶುಕ್ರವಾರಗಳಂದು ಕಾಂತಾಮಣಿಯ ದೇವರ ಗೂಡಿನಲ್ಲಿ ಲಕ್ಷ್ಮಿಯ ಪಕ್ಕ ಒಂದು ದಾಳಿಂಬೆ ಕಾಣಿಸಿಕೊಳ್ಳತೊಡಗಿತು. “ಇದು ಯಾರಿಗೆ?” ಎಂದರು ಸುಬ್ಬರಾಯರು. “ನಿಮಗಲ್ಲ” ಎಂದರು ಕಾಂತಾಮಣಿ. ಅಕ್ಟೋಬರಿನಲ್ಲಿ ಪರ್ಮಿಟ್ ಬಂತು. ಹೋಟೆಲಿನ ಕ್ವಾರಂಟೈನ್ ಮುಗಿಸಿ ಆಶ್ರಿತಾ ಲಿಫ್ಟಿನಿಂದ ಹೊರಬಂದಾಗ ಮೋಕ್ಷಾ ಇಷ್ಟು ತಿಂಗಳು ಕೂಡಿಟ್ಟ ಅಳುವನ್ನೆಲ್ಲ ಒಟ್ಟಿಗೆ ಅತ್ತಳು. ಕಾಂತಾಮಣಿ ತಮ್ಮ ಮನೆಯೊಳಗೆ ಹೋಗಿ, ಬಾಗಿಲು ಹಾಕಿಕೊಂಡು, ತಾವೂ ಅತ್ತರು. ಆಗ ಅವರ ಬಾಯಿಗೆ ಬಂದದ್ದು ಶ್ರೀನಿವಾಸನ ಹೆಸರೋ ಡಿಮೀಟರಳ ಹೆಸರೋ, ಅವರಿಗೇ ಗೊತ್ತು.

ಎರಡು ವರ್ಷ ಕಳೆದು ವಿಶ್ವಕಪ್ ಬಂದೇಬಿಟ್ಟಿತು. ಕಟ್ಟಡದ ಬಾಲ್ಕನಿಗಳಲ್ಲಿ ಊರಿನ ಬಟ್ಟೆಗಳ ಜೊತೆ ಅರ್ಜೆಂಟೀನಾ, ಬ್ರೆಜಿಲ್ ಬಾವುಟಗಳು ಒಣಗುತ್ತಿದ್ದವು. “ಇಷ್ಟು ದೇವರಿದ್ದೂ ಗ್ರೀಸ್ ಕ್ವಾಲಿಫೈ ಆಗ್ಲಿಲ್ಲ ಆಂಟಿ” ಎಂದಳು ಮೋಕ್ಷಾ. “ಮೂವತ್ತಮೂರು ಕೋಟಿ ಇಟ್ಕೊಂಡು ನಾವು ಆಗಿದೀವಾ?” ಎಂದರು ಕಾಂತಾಮಣಿ.

ನಗುವಿನ ಹಿಂದೆ ಇನ್ನೊಂದಿತ್ತು. ಕ್ರೀಡಾಂಗಣ ಮುಗಿದರೆ ಎಸಿ ಹಾಕುವವರಿಗೆ ಏನು ಕೆಲಸ? ಸುಬ್ಬರಾಯರ ವೀಸಾ ಡಿಸೆಂಬರಿಗೆ ಖಲಾಸ್. ಮೈಸೂರಿಗೆ ಟಿಕೆಟ್ಟಾಯಿತು. ಸಾಮಾನು ಕಟ್ಟುತ್ತ ಕಾಂತಾಮಣಿ ಗಂಡನಿಗೆ ಒಂದೇ ಮಾತು ಹೇಳಿದರು: “ಮಕ್ಕಳ ನೆನಪು ಎಷ್ಟು ದಿನ? ಮುಂದಿನ ಕ್ಲಾಸಿಗೆ ಹೋದ್ರೆ ನನ್ನ ಮರೆತುಬಿಡತ್ತೆ ಆ ಮಗು.” ಇಷ್ಟು ವರ್ಷ ಯಾವುದಕ್ಕೂ ಬಾಯಿ ಸೋಲದವರು ಇದಕ್ಕೆ ಸೋತಿದ್ದರು.

ಹೊರಡುವ ದಿನಕ್ಕೆಂದು ಅವರು ಮಂಗಳಕರವಾದ ಕಥೆಯನ್ನೇ ಆರಿಸಿಟ್ಟಿದ್ದರು. ಲೀಟೋ ಎಂಬ ತಾಯಿಗೆ ಅವಳಿ ದೇವರುಗಳು ಹುಟ್ಟಿದ ಕಥೆ. ಖಾಲಿ ಹಾಲಿನಲ್ಲಿ ಸೂಟ್‌ಕೇಸಿನ ಮೇಲೆ ಕುಳಿತು ಹೇಳಿದರು. ಲೀಟೋ ತುಂಬು ಗರ್ಭಿಣಿ. ಬಿಸಿಲು ಕಾಣುವ ಯಾವ ನೆಲದಲ್ಲೂ ಅವಳಿಗೆ ಹೆರಿಗೆ ಆಗಕೂಡದೆಂದು, ಗಂಡ ಜ್ಯೂಸನ ಮೇಲಿನ ಸಿಟ್ಟಿಗೆ, ಹೀರಾಳ ಶಾಪ. ಒಂದೊಂದು ಊರಿನ ಬಾಗಿಲಿಗೂ ಹೋಗಿ, “ಒಂಚೂರು ಜಾಗ ಕೊಡಿ ತಾಯಿ, ಹೆತ್ತು ಹೋಗ್ತೀನಿ” ಎಂದು ಬೇಡಿದಳು. ಬೆಟ್ಟಗಳು ಮುಖ ತಿರುಗಿಸಿದವು, ನದಿಗಳು ಓಡಿಹೋದವು. ಬೇನೆ ಶುರುವಾಯಿತು. ಮುಂದೆ ಸಮುದ್ರ, ಹಿಂದೆ ಶಾಪ.

“ಸಾಕು” ಎಂದಳು ಮೋಕ್ಷಾ. ಎರಡೂ ಕಿವಿ ಮುಚ್ಚಿಕೊಂಡು ಎದ್ದು ಓಡಿದಳು.

“ಏಯ್! ಬಸುರಿ ಹೆಂಗಸನ್ನ ನಡುದಾರೀಲಿ ಬಿಟ್ಟು ಎಲ್ಲಿಗೆ ಹೋಗ್ತೀಯೇ?” ಕಾಂತಾಮಣಿ ಸೆರಗು ಸಿಕ್ಕಿಸಿಕೊಂಡು ಹಿಂದೆಯೇ ನುಗ್ಗಿದರು. ಹುಡುಗಿ ಎದುರಿನ ತಮ್ಮ ಮನೆಯ ಬಾತ್‌ರೂಮಿಗೆ ಹೋಗಿ ಚಿಲಕ ಹಾಕಿದ್ದಳು. “ಕೇಳು, ಕೊನೆಗೆ ಒಂದು ದ್ವೀಪ...” ಎಂದು ಬಾಗಿಲಾಚೆಯಿಂದ ಕೂಗಿದರು. ಒಳಗೆ ನಲ್ಲಿ ಭೋರೆಂದು ಬಿಟ್ಟ ಸದ್ದು. ಆಶ್ರಿತಾ ನಾಚಿಕೆಯಿಂದ ಬಾಗಿಲು ಬಡಿದಳು. ಕೆಳಗೆ ಟ್ಯಾಕ್ಸಿ ಹಾರ್ನ್ ಮಾಡಿತು, ಸುಬ್ಬರಾಯರು ಗಡಿಯಾರ ನೋಡಿಕೊಂಡರು, ಕಥೆ ಸಮುದ್ರದ ದಂಡೆಯಲ್ಲೇ ಉಳಿಯಿತು.

ಮೈಸೂರು ತಲುಪಿ, ಚಪ್ಪಲಿ ಬಿಡುವ ಮುಂಚೆ ಕಾಂತಾಮಣಿ ಫೋನು ಹಚ್ಚಿದರು. “ಮೊದಲು ಅವಳಿಗೆ ಹೆರಿಗೆ ಮಾಡಿಸಿಬಿಡೋಣ, ಕೇಳು...”

“ಬೇಡ ಆಂಟಿ” ಎಂದಳು ಮೋಕ್ಷಾ. ದನಿ ಗಟ್ಟಿಯಾಗಿತ್ತು, ಕನ್ನಡವೂ. “ಕಷ್ಟದಲ್ಲಿ ಕಥೆ ನಿಲ್ಲಿಸಬಾರ್ದು ಅಂತ ನೀವೇ ಹೇಳಿದ್ದಲ್ವಾ? ಹಾಗಾಗಿ ನಾನು ಬೇಕಂತಲೇ ನಿಲ್ಲಿಸಿದ್ದು. ಈಗ ನೀವು ನನ್ನನ್ನು ಮರೀಲಿಕ್ಕೆ ಆಗುದಿಲ್ಲ. ಜುಲೈಯಲ್ಲಿ ರಜೆ ಉಂಟು. ಅಪ್ಪ ಟಿಕೆಟ್ ಮಾಡಿ ಆಯ್ತು. ಮೈಸೂರಿಗೆ ಬರ್ತೇನೆ, ಅಲ್ಲೇ ಹೇಳಿ. ನಾನು ಓದುದಿಲ್ಲ, ಪ್ರಾಮಿಸ್.”

ಕಾಂತಾಮಣಿ ಚಪ್ಪಲಿಯಲ್ಲೇ ಸೂಟ್ಕೇಸಿನ ಮೇಲೆ ಕುಳಿತರು. ಮರೆಯುವುದು ಆ ಮಗು ಎಂದು ತಾವು ಹೆದರಿದ್ದರೆ, ಮರೆಯುವುದು ಆಂಟಿ ಎಂದು ಅದು ಹೆದರಿತ್ತು.

ಈಗ ಮೈಸೂರಿನ ಮನೆಯಲ್ಲಿ ಬೆಳಗ್ಗೆ ಪೂಜೆಗೆ ದೀಪ ಹಚ್ಚುವಾಗ ಕಾಂತಾಮಣಿ ಇನ್ನೊಂದು ಬತ್ತಿ ಹೆಚ್ಚಿಗೆ ಹಾಕುತ್ತಾರೆ. ನೈವೇದ್ಯದ ಪಕ್ಕ ಒಂದು ಹೋಳು ಮಾವಿನಕಾಯಿಯನ್ನೂ ಇಡುತ್ತಾರೆ, ಬಸುರಿಯ ಬಯಕೆಗೆ. ಸುಬ್ಬರಾಯರು ಯಾರಿಗೆಂದು ಕೇಳುವುದನ್ನು ಬಿಟ್ಟಿದ್ದಾರೆ. ಎಲ್ಲ ದೇವರಿಗೂ ಕೈಮುಗಿದಾದ ಮೇಲೆ ಕಾಂತಾಮಣಿ ಕಣ್ಣು ಮುಚ್ಚಿ, ಎಲ್ಲೋ ಸಮುದ್ರದ ದಂಡೆಯಲ್ಲಿ ನಿಂತಿರುವವಳಿಗೆ ಮೆಲ್ಲಗೆ ಹೇಳುತ್ತಾರೆ:

“ತಾಯೀ, ಜುಲೈವರೆಗೆ ತಡ್ಕೊಳ್ಳಮ್ಮ.”