ಗುಂಡುಸೂಜಿ ಚುಚ್ಚಿದರೂ ತಿಳಿಯದ ಬೆರಳು

ಶಿಕಾರಿಪುರದ ನನ್ನ ಹೊಲಿಗೆ ಅಂಗಡಿಗೆ ಸೊರಬದ ಹೆಂಗಸೊಬ್ಬರು ಬ್ಲೌಸ್ ಹೊಲಿಸಲು ಬಂದಿದ್ದರು. ಅಳತೆ ತೆಗೆಯುವಾಗ ಹಿಡಿದುಕೊಳ್ಳಲು ಕೊಟ್ಟ ಗುಂಡುಸೂಜಿ ಬೆರಳಿಗೆ ಚುಚ್ಚಿ ರಕ್ತ ಬಂದರೂ ಅವರಿಗೆ ಗೊತ್ತೇ ಆಗಲಿಲ್ಲ.

“ಕ್ಯಾನ್ಸರ್ ಇಂಜೆಕ್ಷನ್ ಶುರುವಾದಾಗಿಂದ ಜೋಮು ರೀ. ಡಾಕ್ಟ್ರಿಗೆ ಹೇಳಿಲ್ಲ. ಔಷಧಿ ನಿಲ್ಲಿಸಿಬಿಟ್ರೆ?”

ನಾನು ಪೇಪರಿನಲ್ಲಿ ಓದಿದ್ದು ನೆನಪಾಯಿತು. “ನರದೊಳಗೆ ಸಣ್ಣ ಕೊಳವೆಗಳ ದಾರಿ ಇರ್ತದೆ. ಅದರ ಮೇಲೆ ಪ್ರೋಟೀನು ಹೆಜ್ಜೆ ಹಾಕ್ತಾ ಬೆರಳ ತುದಿವರೆಗೂ ಸಾಮಾನು ಹೊರ್ತದೆ. ಕೆಲವು ಕ್ಯಾನ್ಸರ್ ಔಷಧಿ ಆ ದಾರಿಯನ್ನೇ ಕೆಡಿಸ್ತವೆ. ಈಗಲೇ ಡಾಕ್ಟ್ರಿಗೆ ಫೋನ್ ಮಾಡಿ.”

“ನೀವೇನು ಡಾಕ್ಟ್ರಾ?”

“ಓದಿದ್ದು ಆರನೇ ಕ್ಲಾಸು. ಫೋನ್ ಮಾಡದಿದ್ರೆ ಬ್ಲೌಸ್ ಹೊಲಿಯಲ್ಲ.”

ಸಿಟ್ಟಿನಿಂದ ಎದ್ದು ಹೋದವರು ಬಾಗಿಲಲ್ಲೇ ನಿಂತರು. ಕಡೆಗೆ ಫೋನ್ ತೆಗೆದರು. ನಂಬರ್ ಒತ್ತಲು ಬೆರಳು ಕೇಳದೆ ನನ್ನ ಕೈಗೇ ಕೊಟ್ಟರು.

ಡಾಕ್ಟರು ಔಷಧಿ ನಿಲ್ಲಿಸಲಿಲ್ಲವಂತೆ, ಪ್ರಮಾಣ ಇಳಿಸಿದರಂತೆ. ಬ್ಲೌಸ್ ಒಯ್ಯಲು ಬಂದಾಗ ಹೇಳಿದರು. ಬ್ಲೌಸಿನ ತೋಳು ಬಿಗಿಯಾಯಿತು ಎಂದೂ ಹೇಳಿದರು. ಅದನ್ನು ಮಾತ್ರ ನಾನಿನ್ನೂ ಒಪ್ಪಿಲ್ಲ.